ಬಿಂದುಗಳೆಲ್ಲ ‘ಬಿ’ ವಲಯದಲ್ಲೇ ಬೀಳುತ್ತಿವೆ: ಚಿತ್ರದುರ್ಗದ ಮೆಟಾಬಸಾಲ್ಟ್ ಆರ್ಕ್‌ನದ್ದೋ, ಖಂಡದ ಮೇಲೆ ಹರಿದದ್ದೋ?

ದುರ್ಗದಕಲ್ಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗ ಗ್ರೀನ್‌ಸ್ಟೋನ್ ಪಟ್ಟಿಯ (ಹಳೆಯ ಲಾವಾ ಮತ್ತು ಕೆಸರುಗಲ್ಲುಗಳ ಪಟ್ಟಿ) ಮೆಟಾಬಸಾಲ್ಟ್‌ಗಳು, ಅಂದರೆ ಶಾಖ–ಒತ್ತಡಕ್ಕೆ ಮಾರ್ಪಟ್ಟ ಬಸಾಲ್ಟ್‌ಗಳು, ಯಾವ ಭೂಫಲಕ ಪರಿಸರದಲ್ಲಿ ಹುಟ್ಟಿದವು ಅಂತ ರಸಾಯನದಿಂದ ಹೇಳುವುದು ನನ್ನ ಎಂಎಸ್ಸಿ ಪ್ರಾಜೆಕ್ಟ್. ಒಂದು ಫಲಕ ಇನ್ನೊಂದರ ಕೆಳಗೆ ನುಗ್ಗುವ ಕಡೆ (ಸಬ್‌ಡಕ್ಷನ್) ಏಳುವ ಜ್ವಾಲಾಮುಖಿ ಸಾಲಿನಲ್ಲೋ (ಆರ್ಕ್), ಖಂಡದ ಮೇಲೋ ಅನ್ನುವುದು ಪ್ರಶ್ನೆ. ದತ್ತಾಂಶ ಕೈಗೆ ಬಂದಿದೆ, ತೀರ್ಮಾನ ಬಂದಿಲ್ಲ.

ಕಲ್ಲುಗಳು ಗ್ರೀನ್‌ಶಿಸ್ಟ್ ದರ್ಜೆಯವು (ಕಡಿಮೆ ಶಾಖದಲ್ಲಿ ಮಾರ್ಪಟ್ಟವು). ಕೆಲವು ಕಡೆ ದಿಂಬು ಲಾವಾದ (ನೀರಿನಡಿ ದಿಂಬಿನಂತೆ ಹೆಪ್ಪುಗಟ್ಟಿದ್ದು) ಆಕಾರ ಚೆನ್ನಾಗಿ ಉಳಿದಿದೆ, ಕೆಲವು ಕಡೆ ಕಾರ್ಬೊನೇಟ್ ತುಂಬಿಕೊಂಡಿದೆ. ಎಲ್‌ಓಐ (ಕಾಯಿಸಿದಾಗ ಇಳಿಯುವ ತೂಕ) ಶೇ. 2ರಿಂದ 9ರವರೆಗೆ. ಎಲ್ಲಕ್ಕೂ ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣದಿಂದ ಧಾತು ಅಳೆಯುವ ವಿಧಾನ) ಆಗಿದೆ. ಕೆಲವಕ್ಕೆ ಮಾತ್ರ ಐಸಿಪಿ-ಎಂಎಸ್ (ದ್ರಾವಣದಲ್ಲಿ ಅತಿ ಸಣ್ಣ ಪ್ರಮಾಣವನ್ನೂ ಅಳೆಯುವ ವಿಧಾನ), ತೆರೆದ ಬೀಕರ್‌ನಲ್ಲಿ ಆಸಿಡ್ ಹಾಕಿ ಕರಗಿಸಿದ್ದು. ಪುಡಿ ಮಾಡಿದ್ದು ಟಂಗ್‌ಸ್ಟನ್ ಕಾರ್ಬೈಡ್ ಮಿಲ್‌ನಲ್ಲಿ.

ಮಾದರಿಗೆ ಒಂದು ಸ್ಯಾಂಪಲ್: ಸಿಲಿಕಾ 50.1, ಟೈಟಾನಿಯಂ ಡೈಆಕ್ಸೈಡ್ 1.02, ಮೆಗ್ನೀಶಿಯಂ ಆಕ್ಸೈಡ್ 7.4, ಕ್ಯಾಲ್ಶಿಯಂ ಆಕ್ಸೈಡ್ 9.8, ಎಲ್‌ಓಐ 3.1 (ಎಲ್ಲ ಶೇಕಡಾ). ಜಿರ್ಕೋನಿಯಂ 62, ಇಟ್ರಿಯಂ 22, ವೆನೇಡಿಯಂ 275, ನಿಯೋಬಿಯಂ 2.4, ಥೋರಿಯಂ 0.55, ಲ್ಯಾಂಥನಂ 5.1, ಇಟರ್ಬಿಯಂ 2.2 (ಎಲ್ಲ ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಇಷ್ಟು ಪಾಲು).

ತೊಡಕು ಇಲ್ಲಿದೆ:
– ಟೈಟಾನಿಯಂ–ಜಿರ್ಕೋನಿಯಂ–ಇಟ್ರಿಯಂ ತ್ರಿಕೋನದಲ್ಲಿ ಹೆಚ್ಚಿನವು ‘ಬಿ’ ವಲಯಕ್ಕೆ ಬೀಳುತ್ತವೆ.
– ಟೈಟಾನಿಯಂ/ವೆನೇಡಿಯಂ ಅನುಪಾತ 18ರಿಂದ 26. ಆರ್ಕ್ ವಲಯವನ್ನು ಬೇರ್ಪಡಿಸುವ 20ರ ಗೆರೆಯ ಆಚೆ ಈಚೆ ಎರಡೂ ಕಡೆ ಇವೆ.
– ಥೋರಿಯಂ/ಇಟರ್ಬಿಯಂ – ನಿಯೋಬಿಯಂ/ಇಟರ್ಬಿಯಂ ಪ್ಲಾಟ್‌ನಲ್ಲಿ ಎಲ್ಲವೂ ಮ್ಯಾಂಟಲ್ ಪಟ್ಟಿಗಿಂತ (ಚಿಪ್ಪಿನ ಕೆಳಗಿನ ಮ್ಯಾಂಟಲ್‌ನಿಂದ ಬೆರಕೆಯಿಲ್ಲದೆ ಬಂದ ಬಸಾಲ್ಟ್‌ಗಳು ಬೀಳುವ ಜಾಗ) ಮೇಲೆ ನಿಲ್ಲುತ್ತವೆ.

ಮೂರನೆಯದನ್ನು ಹಿಡಿದು ‘ಆರ್ಕ್’ ಅಂತ ಬರೆಯಬಹುದೇ? ಪಕ್ಕದ ಚಿತ್ರದುರ್ಗ ಗ್ರಾನೈಟ್‌ನ ಕೆಲವು ಸ್ಯಾಂಪಲ್‌ಗಳೂ ರುಬಿಡಿಯಂ – ಇಟ್ರಿಯಂ+ನಿಯೋಬಿಯಂ ಪ್ಲಾಟ್‌ನಲ್ಲಿ ಜ್ವಾಲಾಮುಖಿ ಆರ್ಕ್ ವಲಯಕ್ಕೇ ಬೀಳುತ್ತಿವೆ. ಎರಡೂ ಒಂದನ್ನೊಂದು ಬೆಂಬಲಿಸುತ್ತವೆ ಅಂತ ಅಂದುಕೊಂಡಿದ್ದೇನೆ.

ಅರೆಯುವಕಲ್ಲು

ಆರ್ಕ್ ಅನ್ನುವ ಮಾತು ಆಮೇಲೆ. ಮೊದಲು ಸಂಖ್ಯೆಗಳನ್ನು ಸೋಸಿ. ನಿಮ್ಮ ಪಟ್ಟಿಯಲ್ಲಿ ಎಡವುವ ಜಾಗ ಕನಿಷ್ಠ ನಾಲ್ಕಿವೆ.

ಒಂದು, ಮಿಲ್. ಟಂಗ್‌ಸ್ಟನ್ ಕಾರ್ಬೈಡ್ ಪುಡಿಗೆ ಟಂಗ್‌ಸ್ಟನ್, ಕೋಬಾಲ್ಟ್, ಟ್ಯಾಂಟಲಂ ಸೇರಿಸುತ್ತದೆ, ಸ್ವಲ್ಪ ಮಟ್ಟಿಗೆ ನಿಯೋಬಿಯಂ ಕೂಡ. ನಿಯೋಬಿಯಂ/ಟ್ಯಾಂಟಲಂ ಅನುಪಾತ ನೋಡಿ. ಸಾಮಾನ್ಯ ಬಸಾಲ್ಟ್‌ನಲ್ಲಿ ಅದು 15–17ರ ಸುತ್ತ ಇರಬೇಕು. 8–10ಕ್ಕೆ ಇಳಿದಿದ್ದರೆ ಆ ಟ್ಯಾಂಟಲಂ ಮಿಲ್‌ನದ್ದು, ಕಲ್ಲಿನದ್ದಲ್ಲ. ಹಾಗಿದ್ದರೆ ಥೋರಿಯಂ–ಹಾಫ್ನಿಯಂ–ಟ್ಯಾಂಟಲಂ ತ್ರಿಕೋನವನ್ನು ಮುಟ್ಟಬೇಡಿ. ಬೇಕೇ ಬೇಕೆಂದರೆ ಟ್ಯಾಂಟಲಂ ಬದಲು ನಿಯೋಬಿಯಂ/16 ಬಳಸುವ ರೂಪ ಇದೆ. ಇನ್ನು ಮುಂದೆ ಅಗೇಟ್ ಮಿಲ್ ಬಳಸಿ. ನಿಧಾನ, ಆದರೆ ಸಿಲಿಕಾ ಬಿಟ್ಟು ಬೇರೇನನ್ನೂ ಸೇರಿಸುವುದಿಲ್ಲ ಅನ್ನಬಹುದು.

ಎರಡು, ಎಕ್ಸ್‌ಆರ್‌ಎಫ್‌ನ ಥೋರಿಯಂ ಮತ್ತು ನಿಯೋಬಿಯಂ. ಅರ್ಧ ಪಿಪಿಎಂ ಥೋರಿಯಂ ಇರುವ ಕಲ್ಲಿಗೆ ಎಕ್ಸ್‌ಆರ್‌ಎಫ್ ಕುರುಡು. ‘ಪತ್ತೆ ಮಿತಿಗಿಂತ ಕಡಿಮೆ’ ಎಂದು ಬಂದ ಕಡೆ ಮಿತಿಯ ಅರ್ಧವನ್ನು, ಅಂದರೆ 1 ಪಿಪಿಎಂ ಎಂದು, ತುಂಬಿದರೆ ನಿಮ್ಮ ಸ್ಯಾಂಪಲ್‌ನ ಥೋರಿಯಂ/ಇಟರ್ಬಿಯಂ 0.25ರಿಂದ 0.45ಕ್ಕೆ ಹಾರುತ್ತದೆ. ಮಿತಿಯ ಅಂಕಿಯೇ ಆರ್ಕ್ ಹುಟ್ಟಿಸಿದಂತಾಯಿತು! ನಿಯೋಬಿಯಂ 2–3 ಪಿಪಿಎಂ ಮಟ್ಟದಲ್ಲೂ ಇದೇ ಪಾಡು, ಯಾಕೆಂದರೆ ಇಟ್ರಿಯಂನ ಕೆ-ಬೀಟಾ ಗೆರೆ ನಿಯೋಬಿಯಂನ ಕೆ-ಆಲ್ಫಾ ಮೇಲೆ ಬರುತ್ತದೆ. ಸ್ಟ್ರಾನ್ಶಿಯಂ ಜಿರ್ಕೋನಿಯಂ ಮೇಲೆ, ರುಬಿಡಿಯಂ ಇಟ್ರಿಯಂ ಮೇಲೆ, ಟೈಟಾನಿಯಂ ವೆನೇಡಿಯಂ ಮೇಲೆ ಹೀಗೇ ಬೀಳುತ್ತವೆ. ಈ ಅತಿಕ್ರಮಣಗಳನ್ನು ತಿದ್ದಿದ್ದಾರೋ ಇಲ್ಲವೋ ಪ್ರಯೋಗಾಲಯದವರನ್ನು ಕೇಳಿ. ಸುಲಭದ ಪರೀಕ್ಷೆ: ಎರಡೂ ವಿಧಾನದಲ್ಲಿ ಅಳೆದ ಸ್ಯಾಂಪಲ್‌ಗಳ ಜಿರ್ಕೋನಿಯಂ, ಇಟ್ರಿಯಂ, ನಿಯೋಬಿಯಂಗಳನ್ನು ಎದುರುಬದುರು ಪ್ಲಾಟ್ ಮಾಡಿ. ಒಂದಕ್ಕೊಂದು ಗೆರೆಯಿಂದ ಎಲ್ಲವೂ ಒಂದೇ ಕಡೆ ಸರಿದಿದ್ದರೆ ಎಲ್ಲೋ ತಿದ್ದುಪಡಿ ತಪ್ಪಿದೆ.

ಮೂರು, ಕರಗಿಸಿದ ರೀತಿ. ಬಸಾಲ್ಟ್‌ಗೆ ಹೈಡ್ರೋಫ್ಲೋರಿಕ್–ನೈಟ್ರಿಕ್ ತೆರೆದ ಬೀಕರ್ ಸಾಕಾಗುತ್ತದೆ, ಜಿರ್ಕಾನ್ ಹೆಚ್ಚಿಲ್ಲದ ಕಲ್ಲು ಅದು. ಅಪಾಯ ಬೇರೆ ಕಡೆ ಇದೆ. ಒಣಗಿಸಿದಾಗ ಬಿಳಿ ಫ್ಲೋರೈಡ್ ಕೂತುಬಿಟ್ಟರೆ ಅದರೊಳಗೆ ಥೋರಿಯಂ ಮತ್ತು ವಿರಳಧಾತುಗಳು (ಲ್ಯಾಂಥನಂ, ಇಟರ್ಬಿಯಂ ಮುಂತಾದವು) ಸಿಕ್ಕಿಕೊಳ್ಳುತ್ತವೆ. ನೈಟ್ರಿಕ್ ಹಾಕಿ ಎರಡು ಮೂರು ಬಾರಿ ಆವಿಯಾಗಿಸಿ ದ್ರಾವಣ ತಿಳಿಯಾಗುವವರೆಗೆ ಬಿಡಬಾರದು. ನಿಯೋಬಿಯಂನದು ತದ್ವಿರುದ್ಧ ಸ್ವಭಾವ: ಅಂತಿಮ ದ್ರಾವಣದಲ್ಲಿ ಫ್ಲೋರೈಡ್‌ನ ಅಂಶ ಒಂದಿಷ್ಟೂ ಇಲ್ಲದಿದ್ದರೆ ಅದು ಜಲವಿಭಜನೆಯಾಗಿ ಸೀಸೆಯ ಗೋಡೆಗೆ ಅಂಟಿಕೊಳ್ಳುತ್ತದೆ. ನಿಯೋಬಿಯಂ ಕಳೆದುಹೋದರೆ ಅದೇ ಆರ್ಕ್ ಲಾವಾದಲ್ಲಿ ಕಾಣುವಂಥ ‘ನಿಯೋಬಿಯಂ ತಗ್ಗು’, ಅದೇ ಹುಸಿ ಆರ್ಕ್ ಸಹಿ.

ಇವನ್ನೆಲ್ಲ ಹಿಡಿಯಲು ಬಿಎಚ್‌ವಿಓ-2 ಮತ್ತು ಬಿಐಆರ್-1 ಮಾನಕಗಳನ್ನು (ಸಂಯೋಜನೆ ಮೊದಲೇ ಗೊತ್ತಿರುವ ಕಲ್ಲುಪುಡಿಗಳು) ನಿಮ್ಮ ಸ್ಯಾಂಪಲ್‌ಗಳ ಜೊತೆಗೇ ಕರಗಿಸಿರಬೇಕು. ಬಿಎಚ್‌ವಿಓ-2ರಲ್ಲಿ ನಿಯೋಬಿಯಂ ಸುಮಾರು 18, ಥೋರಿಯಂ ಸುಮಾರು 1.2, ಜಿರ್ಕೋನಿಯಂ ಸುಮಾರು 172 ಬರಬೇಕು. ಬಿಐಆರ್-1ರಲ್ಲಿ ಥೋರಿಯಂ ಬರೀ 0.03, ಹಾಗಾಗಿ ನಿಮ್ಮ ಬ್ಲ್ಯಾಂಕ್ (ಕಲ್ಲು ಹಾಕದ ಬರೀ ಆಸಿಡ್) ಎಷ್ಟು ಶುದ್ಧ ಅನ್ನುವುದನ್ನು ಅದೇ ಹೇಳುತ್ತದೆ.

ನಾಲ್ಕು, ಎಲ್‌ಓಐ. 9 ಶೇಕಡಾ ಇರುವ ಕಲ್ಲಿನಲ್ಲಿ ಕಾರ್ಬೊನೇಟ್ ಬಹಳ ಸೇರಿಕೊಂಡಿರುತ್ತದೆ. ಟೈಟಾನಿಯಂ, ಜಿರ್ಕೋನಿಯಂ, ಇಟ್ರಿಯಂ ಒಟ್ಟಿಗೇ ತೆಳುವಾಗುವುದರಿಂದ ಅವುಗಳ ಅನುಪಾತ ಉಳಿಯಬಹುದು. ಆದರೆ ಇಂಗಾಲದ ಡೈಆಕ್ಸೈಡ್ ತುಂಬಿದ ದ್ರವ ಹರಿದ ಕಡೆ, ಅದರಲ್ಲೂ ಚಿನ್ನದ ಅದಿರಿನ ಶಿಯರ್ ವಲಯಗಳ (ಕಲ್ಲು ಜಾರಿ ನಜ್ಜಾದ ಪಟ್ಟಿ) ಪಕ್ಕ, ಹಗುರ ವಿರಳಧಾತುಗಳೂ ಥೋರಿಯಂ ಕೂಡ ಜಾಗ ಬಿಡುತ್ತವೆ. ಇನ್ನೊಂದು ಸಣ್ಣ ವಿಷಯ: 1000 ಡಿಗ್ರಿಯಲ್ಲಿ ಕಾಯಿಸುವಾಗ ಫೆರಸ್ ಕಬ್ಬಿಣ ಆಮ್ಲಜನಕ ಹೀರಿ ತೂಕ ಹೆಚ್ಚಿಸಿಕೊಳ್ಳುತ್ತದೆ. ಫೆರಸ್ ಆಕ್ಸೈಡ್ ಶೇ. 10 ಇದ್ದರೆ ಸುಮಾರು 1.1ರಷ್ಟು ಎಲ್‌ಓಐ ಮುಚ್ಚಿಹೋಗುತ್ತದೆ. ನಿಮ್ಮ 3.1ರ ಹಿಂದೆ ನಿಜವಾಗಿ 4ರ ಮೇಲಿರಬಹುದು.

ಯಾವ ಧಾತು ಅಲುಗಿಲ್ಲ ಅಂತ ತಿಳಿಯಲು ಪ್ರತಿಯೊಂದನ್ನೂ ಜಿರ್ಕೋನಿಯಂ ಎದುರು ಪ್ಲಾಟ್ ಮಾಡಿ. ಟೈಟಾನಿಯಂ, ಇಟ್ರಿಯಂ, ನಿಯೋಬಿಯಂ ಬಿಗಿಯಾದ ಗೆರೆಯಲ್ಲಿ ನಿಲ್ಲಬೇಕು. ಪೊಟ್ಯಾಶಿಯಂ, ರುಬಿಡಿಯಂ, ಬೇರಿಯಂ ಚೆಲ್ಲಾಪಿಲ್ಲಿಯಾಗಿರುತ್ತವೆ, ಅದು ಸಹಜ. ಥೋರಿಯಂ ಗೆರೆಯಲ್ಲಿ ನಿಂತರೆ ಮಾತ್ರ ಮುಂದಿನ ಮಾತು. ಕಲ್ಲಿನ ಹೆಸರನ್ನೂ ಕ್ಷಾರ–ಸಿಲಿಕಾ ಚಾರ್ಟ್‌ನಿಂದ ಇಡಬೇಡಿ, ಸೋಡಿಯಂ–ಪೊಟ್ಯಾಶಿಯಂ ಎರಡೂ ಓಡಾಡಿವೆ. ವಿಂಚೆಸ್ಟರ್–ಫ್ಲಾಯ್ಡ್ ಪ್ಲಾಟ್ ಬಳಸಿ. ನಿಮ್ಮದರಲ್ಲಿ ನಿಯೋಬಿಯಂ/ಇಟ್ರಿಯಂ 0.11, ಸಬ್‌ಆಲ್ಕಲೈನ್ (ಕ್ಷಾರ ಕಡಿಮೆಯದು) ಅನ್ನುವುದರಲ್ಲಿ ಅನುಮಾನ ಇಲ್ಲ.

ಮೋರ್ಬ್‌ಮಾವ

ಮೇಲಿನವರು ಹೇಳಿದ ಸೋಸುವಿಕೆ ಆಯಿತು ಅಂತಿಟ್ಟುಕೊಂಡು ಡಯಾಗ್ರಂಗಳಿಗೆ ಬರೋಣ.

‘ಬಿ’ ವಲಯ ಉತ್ತರವಲ್ಲ. 1973ರಲ್ಲಿ ಪಿಯರ್ಸ್ ಮತ್ತು ಕ್ಯಾನ್ ಆ ತ್ರಿಕೋನ ಮಾಡಿದಾಗಲೇ ಸಾಗರಮಧ್ಯದ ಏಣಿನ ಬಸಾಲ್ಟ್ (ಮೋರ್ಬ್), ಆರ್ಕ್ ಥೋಲಿಯೈಟ್, ಕ್ಯಾಲ್ಕ್-ಆಲ್ಕಲೈನ್ ಬಸಾಲ್ಟ್ ಮೂರೂ ಅಲ್ಲಿ ಸೇರಿಕೊಂಡಿದ್ದವು. ಆ ತ್ರಿಕೋನ ಚೆನ್ನಾಗಿ ಬೇರ್ಪಡಿಸುವುದು ‘ಡಿ’ ವಲಯವನ್ನು, ಅಂದರೆ ಫಲಕದ ಒಳಗಿನ ಬಸಾಲ್ಟ್‌ಗಳನ್ನು ಮಾತ್ರ. ಕಾರಣ ಗಾರ್ನೆಟ್. ಆಳದಲ್ಲಿ ಕರಗುವಾಗ ಗಾರ್ನೆಟ್ ಉಳಿದುಕೊಂಡರೆ ಇಟ್ರಿಯಂ ಅದರೊಳಗೆ ಕೂತುಬಿಡುತ್ತದೆ, ಕರಗಿದ ದ್ರವದಲ್ಲಿ ಇಟ್ರಿಯಂ ಕಡಿಮೆಯಾಗಿ ಬಿಂದು ಆ ಮೂಲೆಯಿಂದ ದೂರ ಸರಿಯುತ್ತದೆ. ತ್ರಿಕೋನ ಅಳೆಯುವುದು ಕರಗಿದ ಆಳವನ್ನು, ಊರನ್ನಲ್ಲ. ಟೈಟಾನಿಯಂ/100, ಜಿರ್ಕೋನಿಯಂ, ಇಟ್ರಿಯಂ×3 ಎಂದು ಹಾಕಿದ್ದೀರಿ ತಾನೇ? ಆಕ್ಸೈಡ್‌ನಿಂದ ಟೈಟಾನಿಯಂ ಪಿಪಿಎಂ ಪಡೆಯಲು 5993ರಿಂದ ಗುಣಿಸಬೇಕು, ನಿಮ್ಮದು ಸುಮಾರು 6113. ಕ್ಯಾಲ್ಶಿಯಂ ಆಕ್ಸೈಡ್ ಮತ್ತು ಮೆಗ್ನೀಶಿಯಂ ಆಕ್ಸೈಡ್ ಕೂಡಿ 12ರಿಂದ 20ರ ಒಳಗಿರುವ ಕಲ್ಲಿಗಷ್ಟೇ ಆ ಡಯಾಗ್ರಂ ಅಂತ ಅವರೇ ಷರತ್ತು ಹಾಕಿದ್ದರು. ನಿಮ್ಮದು 17.2, ಒಳಗಿದೆ. ಕಾರ್ಬೊನೇಟ್ ಸೇರಿ ಕ್ಯಾಲ್ಶಿಯಂ ಏರಿದ ಕಲ್ಲುಗಳಲ್ಲಿ ಈ ಷರತ್ತಿಗೇ ಅರ್ಥ ಇರುವುದಿಲ್ಲ, ಅದೂ ಗಮನದಲ್ಲಿರಲಿ.

ಟೈಟಾನಿಯಂ/ವೆನೇಡಿಯಂ ನಿಮ್ಮ ಸ್ಯಾಂಪಲ್‌ಗೆ 22. 1982ರ ಆ ಪ್ಲಾಟ್‌ನಲ್ಲಿ 20ರ ಕೆಳಗೆ ಆರ್ಕ್ ಥೋಲಿಯೈಟ್, 20–50 ಮೋರ್ಬ್ ಮತ್ತು ಬ್ಯಾಕ್-ಆರ್ಕ್ (ಆರ್ಕ್‌ನ ಹಿಂಬದಿಯದು), 50ರ ಮೇಲೆ ಆಲ್ಕಲೈನ್ ಬಸಾಲ್ಟ್. ಸಬ್‌ಡಕ್ಷನ್ ಮೇಲಿನ ಮ್ಯಾಂಟಲ್‌ನಲ್ಲಿ ಆಮ್ಲಜನಕದ ಪ್ರಭಾವ ಹೆಚ್ಚು, ಆಗ ವೆನೇಡಿಯಂ ಹೆಚ್ಚಿನ ವೇಲೆನ್ಸಿಗೆ ಹೋಗಿ ಖನಿಜ ಬಿಟ್ಟು ದ್ರವ ಸೇರುತ್ತದೆ. ತತ್ವ ಚೆನ್ನಾಗಿದೆ. ಆದರೆ ಟೈಟಾನೋಮ್ಯಾಗ್ನಟೈಟ್ ಹರಳುಗಟ್ಟಲು ಶುರುವಾದ ಕೂಡಲೇ ವೆನೇಡಿಯಂ ಕುಸಿದು ಅನುಪಾತ ಕೆಡುತ್ತದೆ. ಕಬ್ಬಿಣ ಹೆಚ್ಚಿದ್ದು ಮೆಗ್ನೀಶಿಯಂ ಕಡಿಮೆಯಾದ ಸ್ಯಾಂಪಲ್‌ಗಳನ್ನು ಈ ಪ್ಲಾಟ್‌ನಿಂದ ತೆಗೆಯಿರಿ, ಹರಳು ಶೇಖರವಾದ ಗ್ಯಾಬ್ರೋ ತರಹದವನ್ನೂ. 18ರಿಂದ 26 ಅಂದರೆ ‘ಗೊತ್ತಿಲ್ಲ’ ಅಂತಲೇ ಓದಿಕೊಳ್ಳಿ.

ಇನ್ನು ಮೂರನೆಯದು, ನೀವು ನೆಚ್ಚಿಕೊಂಡಿರುವುದು. 2008ರ ಪಿಯರ್ಸ್ ಪ್ಲಾಟ್‌ನ ತರ್ಕ ಸರಳ. ನಿಯೋಬಿಯಂ ಮತ್ತು ಥೋರಿಯಂ ಮ್ಯಾಂಟಲ್ ಕರಗುವಾಗ ಬಹುಮಟ್ಟಿಗೆ ಜೊತೆಯಾಗೇ ನಡೆಯುತ್ತವೆ. ಸಬ್‌ಡಕ್ಷನ್‌ನಲ್ಲಿ ಕೆಸರು ಕರಗಿ ಥೋರಿಯಂ ಮೇಲೆ ಬರುತ್ತದೆ, ನಿಯೋಬಿಯಂ ರೂಟೈಲ್‌ನಂಥ ಖನಿಜದಲ್ಲಿ ಕೆಳಗೇ ಉಳಿಯುತ್ತದೆ. ಹಾಗಾಗಿ ಬಿಂದು ಪಟ್ಟಿಯಿಂದ ಮೇಲಕ್ಕೆ ಏರುತ್ತದೆ. ನಿಮ್ಮ ಸ್ಯಾಂಪಲ್: ಥೋರಿಯಂ/ಇಟರ್ಬಿಯಂ 0.25, ನಿಯೋಬಿಯಂ/ಇಟರ್ಬಿಯಂ 1.09. ಆ ಜಾಗದಲ್ಲಿ ಮ್ಯಾಂಟಲ್ ಪಟ್ಟಿಯ ನಡುಗೆರೆ ಸುಮಾರು 0.06. ನಾಲ್ಕು ಪಟ್ಟು ಮೇಲಿದೆ.

ಈಗ ಸಬ್‌ಡಕ್ಷನ್ನೇ ಇಲ್ಲದೆ ಅಲ್ಲಿಗೆ ಹೋಗಿ ತೋರಿಸುತ್ತೇನೆ. ಸಾಮಾನ್ಯ ಮೋರ್ಬ್‌ನಲ್ಲಿ ಥೋರಿಯಂ 0.12, ನಿಯೋಬಿಯಂ 2.33, ಇಟರ್ಬಿಯಂ 3.05. ಖಂಡದ ಮೇಲ್ಚಿಪ್ಪಿನ (ಭೂಮಿಯ ಹೊರಪದರದ ಮೇಲ್ಭಾಗ) ಸರಾಸರಿಯಲ್ಲಿ 10.5, 12, 2.0. ಶೇ. 95 ಮೋರ್ಬ್, ಶೇ. 5 ಚಿಪ್ಪು ಬೆರೆಸಿ:

ಥೋರಿಯಂ = 0.95×0.12 + 0.05×10.5 = 0.64
ನಿಯೋಬಿಯಂ = 0.95×2.33 + 0.05×12 = 2.81
ಇಟರ್ಬಿಯಂ = 0.95×3.05 + 0.05×2.0 = 3.00

ಥೋರಿಯಂ/ಇಟರ್ಬಿಯಂ 0.21, ನಿಯೋಬಿಯಂ/ಇಟರ್ಬಿಯಂ 0.94. ಲಾಗ್ ಪ್ಲಾಟ್‌ನಲ್ಲಿ ಇದು ನಿಮ್ಮ ಬಿಂದುವಿನ ಪಕ್ಕದಲ್ಲೇ ಕೂರುತ್ತದೆ. ಥೋರಿಯಂ/ನಿಯೋಬಿಯಂ ಅಂತೂ ಎರಡರಲ್ಲೂ 0.23. ಬಹುಧಾತು ಪ್ಲಾಟ್‌ನ ನಿಯೋಬಿಯಂ ತಗ್ಗು ಕೂಡ ಹೀಗೇ ಬರುತ್ತದೆ. ಆದಿ ಮ್ಯಾಂಟಲ್‌ಗೆ ಹೋಲಿಸಿ ನಿಯೋಬಿಯಂ ಅನ್ನು ಥೋರಿಯಂ–ಲ್ಯಾಂಥನಂ ಗುಣೋತ್ತರ ಸರಾಸರಿಯಿಂದ ಭಾಗಿಸಿದರೆ ಮೋರ್ಬ್‌ಗೆ 1.4, ಈ ಮಿಶ್ರಣಕ್ಕೆ 0.60, ನಿಮ್ಮ ಕಲ್ಲಿಗೆ 0.49.

ಅಂದರೆ ಮೇಲೆ ಬರುವ ದಾರಿಯಲ್ಲಿ ಖಂಡದ ಚಿಪ್ಪನ್ನು ಇಪ್ಪತ್ತರಲ್ಲೊಂದು ಪಾಲು ತಿಂದ ಬಸಾಲ್ಟ್ ಕೂಡ ಆರ್ಕ್ ಬಸಾಲ್ಟ್‌ನ ವೇಷದಲ್ಲೇ ಬರುತ್ತದೆ. ಥೋರಿಯಂ ಹೆಚ್ಚಿದೆ, ನಿಯೋಬಿಯಂ ಕಡಿಮೆಯಿದೆ ಅನ್ನುವುದಷ್ಟೇ ನಿಮ್ಮ ದತ್ತಾಂಶ. ಅದು ಕೆಳಗಿನಿಂದ ಬಂತೋ, ಪಕ್ಕದಿಂದ ಬಂತೋ ಅನ್ನುವುದನ್ನು ಒಂದು ಬಿಂದು ಹೇಳಲಾರದು.

ದುರ್ಗದಕಲ್ಲು

ಈ ಲೆಕ್ಕ ನೋಡಿ ಸ್ವಲ್ಪ ಗಾಬರಿಯಾಯಿತು ಸರ್. ಹಾಗಾದರೆ ಎರಡನ್ನೂ ಬೇರ್ಪಡಿಸುವ ಉಪಾಯ ಇದೆಯೇ? ನಿಯೋಡಿಮಿಯಂ ಐಸೊಟೋಪ್ ಒಂದೆರಡು ಸ್ಯಾಂಪಲ್‌ಗೆ ಮಾಡಿಸುವ ಅವಕಾಶ ಇದೆ.

ಘಟ್ಟದಪದರ

ಒಂದೆರಡಕ್ಕೆ ಮಾಡಿಸಿದರೆ ದುಡ್ಡು ದಂಡ. ಯಾಕೆಂದರೆ ಸಂಕೇತ ಸಣ್ಣದು. 265 ಕೋಟಿ ವರ್ಷದ ಹಿಂದೆ ಮ್ಯಾಂಟಲ್‌ನ ಎಪ್ಸಿಲಾನ್ ನಿಯೋಡಿಮಿಯಂ (ಐಸೊಟೋಪ್ ಅನುಪಾತ ಉಲ್ಕೆಗಳ ಮಟ್ಟದಿಂದ ಎಷ್ಟು ಸರಿದಿದೆ ಅನ್ನುವ ಅಂಕ) +2.5 ಎಂದುಕೊಳ್ಳಿ, 330 ಕೋಟಿ ವರ್ಷ ಹಳೆಯ ನೈಸ್ (ಖಂಡದ ಬುಡದ ಪಟ್ಟೆಗಲ್ಲು) ಆ ಹೊತ್ತಿಗೆ −5ರ ಆಸುಪಾಸಿಗೆ ಇಳಿದಿರುತ್ತದೆ. ಬಸಾಲ್ಟ್‌ನಲ್ಲಿ ನಿಯೋಡಿಮಿಯಂ 7.3 ಪಿಪಿಎಂ, ಚಿಪ್ಪಿನಲ್ಲಿ 27. ಶೇ. 5 ಬೆರೆತರೆ ನಿಯೋಡಿಮಿಯಂನ ಶೇ. 16 ಮಾತ್ರ ಚಿಪ್ಪಿನದ್ದು. ಫಲಿತಾಂಶ +1.3. ಒಟ್ಟು ಜಾರಿದ್ದು ಒಂದು ಅಂಕಕ್ಕಿಂತ ಸ್ವಲ್ಪ ಹೆಚ್ಚು. ವಯಸ್ಸಿನ ಅನಿಶ್ಚಿತತೆ, ಸಮೇರಿಯಂ/ನಿಯೋಡಿಮಿಯಂ ಅಳತೆಯ ದೋಷ ಎಲ್ಲ ಸೇರಿ ಅರ್ಧ ಅಂಕ ಹೋಗುತ್ತದೆ. ಹಾಗಾಗಿ ಒಂದೇ ಲಾವಾ ಸರಣಿಯ ಕನಿಷ್ಠ ಆರೇಳು ಸ್ಯಾಂಪಲ್ ಬೇಕು, ಥೋರಿಯಂ/ನಿಯೋಬಿಯಂ ಕಡಿಮೆ ಇರುವುದರಿಂದ ಹೆಚ್ಚಿರುವುದರವರೆಗೆ ಆರಿಸಿಕೊಂಡು. ಥೋರಿಯಂ/ನಿಯೋಬಿಯಂ ಏರಿದಂತೆ ಎಪ್ಸಿಲಾನ್ ಇಳಿಯುತ್ತಾ ಹೋದರೆ ಬೆರಕೆ. ಥೋರಿಯಂ/ನಿಯೋಬಿಯಂ ಎಲ್ಲದರಲ್ಲೂ ಹೆಚ್ಚೇ ಇದ್ದು ಎಪ್ಸಿಲಾನ್ ಮ್ಯಾಂಟಲ್ ಮಟ್ಟದಲ್ಲೇ ಅಲುಗದೆ ನಿಂತರೆ ಆಗ ಸಬ್‌ಡಕ್ಷನ್ ಮಾತಿಗೆ ತೂಕ ಬರುತ್ತದೆ.

ದುಡ್ಡು ಬೇಡದ ಪರೀಕ್ಷೆಗಳೂ ಇವೆ:

ಥೋರಿಯಂ/ನಿಯೋಬಿಯಂ ಅನ್ನು ಮೆಗ್ನೀಶಿಯಂ ಆಕ್ಸೈಡ್ ಎದುರು ಪ್ಲಾಟ್ ಮಾಡಿ. ಬೆರಕೆ ಮತ್ತು ಹರಳುಗಟ್ಟುವಿಕೆ ಸಾಮಾನ್ಯವಾಗಿ ಒಟ್ಟಿಗೇ ನಡೆಯುತ್ತವೆ, ಏಕೆಂದರೆ ಗೋಡೆಯ ಕಲ್ಲು ಕರಗಿಸುವ ಶಾಖ ಹರಳುಗಟ್ಟುವುದರಿಂದಲೇ ಸಿಗಬೇಕು. ಮೆಗ್ನೀಶಿಯಂ ಇಳಿದಂತೆ ಥೋರಿಯಂ/ನಿಯೋಬಿಯಂ ಏರಿದರೆ ಅನುಮಾನ ಪಡಿ. ಮೆಗ್ನೀಶಿಯಂ ಆಕ್ಸೈಡ್ 8ಕ್ಕಿಂತ ಹೆಚ್ಚಿರುವ ಸ್ಯಾಂಪಲ್‌ಗಳಲ್ಲೂ ಅಷ್ಟೇ ಎತ್ತರ ಇದ್ದರೆ ಬೇರೆ ಮಾತು. (ಇದರಲ್ಲೂ ಒಂದು ಕಿಂಡಿ ಇದೆ: ತೀರಾ ಬಿಸಿಯಾದ, ಮೆಗ್ನೀಶಿಯಂ ತುಂಬಿದ ದ್ರವ ಇನ್ನೂ ಸುಲಭವಾಗಿ ಗೋಡೆ ಕರಗಿಸಬಲ್ಲದು. ಕೋಮಟೈಟ್ (ಅಂಥ ದ್ರವದ ಲಾವಾ) ಇರುವ ಪಟ್ಟಿಗಳಲ್ಲಿ ಇದನ್ನು ಮರೆಯಬಾರದು.)

ಪಿಯರ್ಸ್ ಪ್ಲಾಟ್‌ನಲ್ಲಿ ಒಂದು ಬಿಂದು ಎಲ್ಲಿದೆ ಅನ್ನುವುದಕ್ಕಿಂತ ಗುಂಪು ಯಾವ ದಿಕ್ಕಿಗೆ ಮಲಗಿದೆ ನೋಡಿ. ಆರ್ಕ್ ಸರಣಿ ಮ್ಯಾಂಟಲ್ ಪಟ್ಟಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಮೇಲಕ್ಕೆ ಸರಿದು ನಿಲ್ಲುತ್ತದೆ. ಬೆರಕೆಯಾದ ಸರಣಿ ಪಟ್ಟಿಯೊಳಗಿಂದ ಹೊರಟು ಚಿಪ್ಪಿನ ಸರಾಸರಿಯ ಕಡೆಗೆ ಓರೆಯಾಗಿ ಏರುತ್ತದೆ. ಪಟ್ಟಿಯೊಳಗೆ ಒಂದಾದರೂ ಬಿಂದು ಇದೆಯೇ?

ಜಿರ್ಕೋನಿಯಂ–ಹಾಫ್ನಿಯಂಗಳನ್ನು ಸಮೇರಿಯಂ ಪಕ್ಕ ಇಟ್ಟು ನೋಡಿ. ಚಿಪ್ಪು ಬೆರೆತ ಬಸಾಲ್ಟ್‌ನಲ್ಲಿ ಇವು ಸಣ್ಣ ಉಬ್ಬಾಗಿ ಏಳುವುದುಂಟು, ಆರ್ಕ್ ಬಸಾಲ್ಟ್‌ನಲ್ಲಿ ಸಾಮಾನ್ಯವಾಗಿ ಏಳುವುದಿಲ್ಲ.

ಇದು ಬರೀ ಊಹೆಯ ಭಯ ಅಂದುಕೊಳ್ಳಬೇಡಿ. ಸುಮಾರು 6.6 ಕೋಟಿ ವರ್ಷದ ಹಿಂದಿನ ದಖ್ಖನ್ ಲಾವಾಗಳಲ್ಲಿ, ಪಶ್ಚಿಮ ಘಟ್ಟದ ಬುಶೆ ಹಂತದ ಬಸಾಲ್ಟ್‌ಗಳಿಗೆ ಆಳವಾದ ನಿಯೋಬಿಯಂ ತಗ್ಗಿದೆ, ಸ್ಟ್ರಾನ್ಶಿಯಂ ಐಸೊಟೋಪ್ ಅನುಪಾತ 0.72ರ ಹತ್ತಿರದವರೆಗೆ ಹೋಗುತ್ತದೆ. ಅದೇ ಘಟ್ಟದಲ್ಲಿ ಅದಕ್ಕಿಂತ ಮೇಲಿರುವ ಅಂಬೇನಳಿ ಹಂತದ ಬಸಾಲ್ಟ್‌ಗಳಲ್ಲಿ ಅದು 0.704ರ ಸುತ್ತ, ನಿಯೋಬಿಯಂ ತಗ್ಗು ಇಲ್ಲವೆನ್ನುವಷ್ಟು ಕಡಿಮೆ. ಬುಶೆಯ ಹುಡಿಯನ್ನು ಹೆಸರಿಲ್ಲದೆ ಕೊಟ್ಟರೆ ಡಯಾಗ್ರಂ ‘ಆರ್ಕ್’ ಅನ್ನುತ್ತದೆ. ಅಲ್ಲಿ ಸಬ್‌ಡಕ್ಷನ್ ಇರಲಿಲ್ಲ ಅಂತ ನಮಗೆ ಗೊತ್ತಿರುವುದು ರಸಾಯನದಿಂದಲ್ಲ, ಪದರ ಪದರವಾಗಿ ಖಂಡದ ಮೇಲೆ ಮಲಗಿರುವ ಲಾವಾವನ್ನು ನೋಡಿ.

ಅದೇ ಪ್ರಶ್ನೆಯನ್ನು ನಿಮ್ಮ ಪಟ್ಟಿಗೂ ಕೇಳಿ. ಬಾಬಾಬುಡನ್ ಗುಂಪಿನಲ್ಲಿ ಉತ್ತರ ಸುಲಭ: ಕೆಳಗೆ ಹಳೆಯ ನೈಸ್, ಅದರ ಮೇಲೆ ಕ್ವಾರ್ಟ್ಜ್ ಗುಂಡುಗಲ್ಲಿನ ಕಾಂಗ್ಲೊಮರೇಟ್, ಅಡ್ಡಪದರದ ಕ್ವಾರ್ಟ್ಜೈಟ್, ನಡುವೆ ಅಮಿಗ್ಡೇಲ್ (ಖನಿಜ ಕೂತ ಗುಳ್ಳೆ) ತುಂಬಿದ ಲಾವಾ. ಖಂಡದ ಮೇಲೆ ಹರಿದದ್ದು ಅಂತ ಕಲ್ಲೇ ಹೇಳುತ್ತಿದೆ. ಚಿತ್ರದುರ್ಗದಲ್ಲಿ ಮರಡಿಹಳ್ಳಿಯ ದಿಂಬು ಲಾವಾ, ಇಂಗಳದಾಳ್ ಕಡೆಯ ಲಾವಾ ಮತ್ತು ಸಲ್ಫೈಡ್ ಇವೆ, ಇವು ನೀರಿನಡಿಯವು. ಆದರೆ ನೀರಿನಡಿ ಅಂದಾಕ್ಷಣ ಸಾಗರದ ಚಿಪ್ಪಲ್ಲ. ತೆಳುವಾಗಿ ಹಿಗ್ಗಿದ ಖಂಡದ ಮೇಲೂ ಸಮುದ್ರ ಇರಬಹುದು. ನಿಮ್ಮ ಲಾವಾದ ಕೆಳಗೆ ಏನಿದೆ, ನಡುವೆ ಯಾವ ಕೆಸರುಗಲ್ಲು ಇದೆ, ಜೊತೆಗೆ ಆಂಡಿಸೈಟ್–ಡೇಸೈಟ್ ಎಷ್ಟು ಪಾಲು, ಇವು ನಿಮ್ಮ ನಕ್ಷೆಯಲ್ಲಿ ಇರಬೇಕು. ಬಸಾಲ್ಟ್–ರಯೋಲೈಟ್ ಮಾತ್ರ ಇದ್ದು ನಡುವಿನದು ಇಲ್ಲದಿದ್ದರೆ ಅದೂ ಒಂದು ಸುಳಿವೇ.

ನೈಸ್‌ಪ್ರಿಯ

ಮೋರ್ಬ್‌ಮಾವ ಅವರ ಲೆಕ್ಕಕ್ಕೆ ಒಂದು ತಕರಾರು. 10.5 ಪಿಪಿಎಂ ಥೋರಿಯಂ ಅನ್ನುವುದು ಇಂದಿನ ಮೇಲ್ಚಿಪ್ಪಿನ ಸರಾಸರಿ, ಗ್ರಾನೈಟ್ ಹೆಚ್ಚಿರುವುದು. ಪಶ್ಚಿಮ ಧಾರವಾಡ ಕ್ರೇಟಾನ್‌ನಲ್ಲಿ (ಹಳೆಯ, ಗಟ್ಟಿಯಾದ ಖಂಡದ ತುಂಡು) ಆ ಕಾಲಕ್ಕೆ ಕೆಳಗಿದ್ದದ್ದು ಬಹುಪಾಲು ಟೋನಲೈಟ್–ಟ್ರಾಂಡ್‌ಜೆಮೈಟ್ (ಪೊಟ್ಯಾಶಿಯಂ ಕಡಿಮೆಯ, ಗ್ರಾನೈಟ್ ತರಹದ) ನೈಸ್. ಅದರಲ್ಲಿ ಥೋರಿಯಂ ಕಡಿಮೆ, ಇಟರ್ಬಿಯಂ ಇನ್ನೂ ಕಡಿಮೆ. ಉದಾಹರಣೆಗೆ 5, 5, 0.6 ಎಂದು ಇಟ್ಟುಕೊಂಡರೆ (ಥೋರಿಯಂ, ನಿಯೋಬಿಯಂ, ಇಟರ್ಬಿಯಂ) ಅದೇ 0.23ರ ಥೋರಿಯಂ/ನಿಯೋಬಿಯಂಗೆ ಶೇ. 5 ಸಾಲದು, ಶೇ. 10 ಬೇಕು. ಆಗ ಥೋರಿಯಂ/ಇಟರ್ಬಿಯಂ 0.22, ನಿಯೋಬಿಯಂ/ಇಟರ್ಬಿಯಂ 0.93. ಪ್ಲಾಟ್‌ನಲ್ಲಿ ಜಾಗ ಬದಲಾಗಲಿಲ್ಲ, ಆದರೆ ಮುಖ್ಯ ಧಾತುಗಳ ಬೆಲೆ ಏರಿತು: ಶೇ. 70 ಸಿಲಿಕಾದ ನೈಸ್ ಹತ್ತು ಪಾಲು ಸೇರಿದರೆ 49 ಇದ್ದ ಸಿಲಿಕಾ 51ಕ್ಕೆ ಹೋಗುತ್ತದೆ. ಈ ಏರಿಕೆ ನಿಮ್ಮ ಸರಣಿಯಲ್ಲಿ ಕಾಣಬೇಕು, ಕಾಣದಿದ್ದರೆ ಬೆರಕೆಯ ವಾದಕ್ಕೇ ತೊಂದರೆ. ಹಾಗಾಗಿ ಪುಸ್ತಕದ ಸರಾಸರಿ ಬಿಟ್ಟು ಪಕ್ಕದ ನೈಸ್‌ನ ಎರಡು ಮೂರು ಸ್ಯಾಂಪಲ್ ನೀವೇ ಅಳೆದು ಅದನ್ನು ಮಿಶ್ರಣಕ್ಕೆ ಬಳಸಿ.

ಹಾಗೆಯೇ ಹೊರಡುವ ಬಿಂದು. ಇಂದಿನ ಮೋರ್ಬ್‌ನಿಂದಲೇ ಯಾಕೆ ಹೊರಡಬೇಕು? ಆರ್ಕಿಯನ್ ಕಾಲದ (250 ಕೋಟಿ ವರ್ಷಕ್ಕೂ ಹಿಂದಿನ) ಮ್ಯಾಂಟಲ್ ಬಿಸಿಯಾಗಿತ್ತು, ಹೆಚ್ಚು ಪಾಲು ಕರಗುತ್ತಿತ್ತು. ವಲಯಗಳ ಗೆರೆ ಎಳೆದದ್ದು ಇಂದಿನ ಬಸಾಲ್ಟ್‌ಗಳಿಂದ. ಗೆರೆಯ ಈಚೆ ಬಿದ್ದರೆ ಆರ್ಕ್, ಆಚೆ ಬಿದ್ದರೆ ಏಣು ಅನ್ನುವ ಲೆಕ್ಕ 260–270 ಕೋಟಿ ವರ್ಷದ ಕಲ್ಲಿಗೆ ಹಾಗೇ ಹೊಂದಬೇಕಿಲ್ಲ. ನಿಮ್ಮ ಸರಣಿಯಲ್ಲೇ ಅತಿ ಕಡಿಮೆ ಥೋರಿಯಂ/ನಿಯೋಬಿಯಂ ಇರುವ, ಅಲುಗದ ಸ್ಯಾಂಪಲ್ ಇದ್ದರೆ ಅದನ್ನೇ ತಾಯಿದ್ರವ ಎಂದು ಹಿಡಿಯಿರಿ.

ಗೆರೆಗಳ ಬಗ್ಗೆಯೇ ಇನ್ನೊಂದು ಮಾತು. ಅವನ್ನು ಕಣ್ಣಳತೆಯಲ್ಲಿ ಎಳೆದಿದ್ದರು. 2006ರಲ್ಲಿ ವರ್ಮೇಶ್ ಎಂಬವರು ಹುಟ್ಟಿದ ಜಾಗ ಗೊತ್ತಿರುವ 756 ಸಾಗರ ಬಸಾಲ್ಟ್‌ಗಳನ್ನು ಇಟ್ಟುಕೊಂಡು ಸಂಖ್ಯಾಶಾಸ್ತ್ರದ ಕ್ರಮದಲ್ಲಿ ಗೆರೆಗಳನ್ನು ಮತ್ತೆ ಹಾಕಿದರು. ಮೂರು ಅಂಶ ಕೂಡಿ ನೂರಾಗಬೇಕಾದ ತ್ರಿಕೋನದಲ್ಲಿ ನೇರವಾಗಿ ಸರಾಸರಿ ತೆಗೆಯುವುದು ತಪ್ಪು, ಅನುಪಾತಗಳ ಲಾಗ್ ತೆಗೆದುಕೊಂಡೇ ಲೆಕ್ಕ ಹಾಕಬೇಕು ಅನ್ನುವುದು ಅದರ ತಿರುಳು. ಅಷ್ಟು ಮಾಡಿದರೂ ಅತಿಕ್ರಮಣ ಹೋಗಲಿಲ್ಲ, ಏಕೆಂದರೆ ತೊಂದರೆ ಗೆರೆಯಲ್ಲಿಲ್ಲ, ಕಲ್ಲಿನಲ್ಲಿದೆ. ಅದೂ ಅಲ್ಲದೆ ಆ 756ರಲ್ಲಿ ಖಂಡದ ಬಸಾಲ್ಟ್ ಇರಲಿಲ್ಲ. ನಿಮಗೆ ಬೇಕಾದ ಆಯ್ಕೆಯೇ ಪಟ್ಟಿಯಲ್ಲಿ ಇಲ್ಲದಿದ್ದರೆ ಡಯಾಗ್ರಂ ಇರುವುದರಲ್ಲೇ ಒಂದನ್ನು ಕೊಡುತ್ತದೆ.

ಮೋರ್ಬ್‌ಮಾವ

ತಕರಾರು ಒಪ್ಪಿದೆ. ಸ್ಥಳೀಯ ನೈಸ್ ಬಳಸುವುದೇ ಸರಿ. ಆದರೆ ಡಯಾಗ್ರಂಗಳನ್ನೇ ಎಸೆಯಬೇಕು ಅನ್ನುವಲ್ಲಿಗೆ ಹೋಗಬೇಡಿ. ಸೈಪ್ರಸ್‌ನ ಟ್ರೂಡೋಸ್ ಸಾಗರ ಏಣಿನಲ್ಲಿ ಹುಟ್ಟಿದ ಚಿಪ್ಪು ಅಂತ ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ, 1973ರಲ್ಲಿ, ಮಿಯಾಶಿರೊ ಲಾವಾದ ರಸಾಯನ ಹಿಡಿದು ಅದು ದ್ವೀಪ ಆರ್ಕ್‌ನದ್ದು ಅಂದಾಗ ದೊಡ್ಡ ಜಗಳವೇ ಆಯಿತು. ಇಂದು ಅದನ್ನು ಸಬ್‌ಡಕ್ಷನ್ ವಲಯದ ಮೇಲೆ ಹುಟ್ಟಿದ ಚಿಪ್ಪು ಅಂತಲೇ ಓದುತ್ತೇವೆ. ಖಂಡದ ಬೆರಕೆಗೆ ಅವಕಾಶವಿಲ್ಲದ ಕಡೆ ರಸಾಯನ ಚೆನ್ನಾಗಿ ಮಾತಾಡುತ್ತದೆ. ಬೋನಿನೈಟ್ (ಹೆಚ್ಚಾಗಿ ಸಬ್‌ಡಕ್ಷನ್ ವಲಯದ ಮೇಲೆ ಹುಟ್ಟುವ ಲಾವಾ) ಸಿಕ್ಕರೆ ಇನ್ನೂ ಸಲೀಸು: ಸಿಲಿಕಾ 52ಕ್ಕಿಂತ ಹೆಚ್ಚು, ಮೆಗ್ನೀಶಿಯಂ ಆಕ್ಸೈಡ್ 8ಕ್ಕಿಂತ ಹೆಚ್ಚು, ಟೈಟಾನಿಯಂ ಡೈಆಕ್ಸೈಡ್ 0.5ಕ್ಕಿಂತ ಕಡಿಮೆ. ಪೂರ್ವ ಧಾರವಾಡದ ಗದ್ವಾಲ್ ಪಟ್ಟಿಯಿಂದ ಅಂಥವು ವರದಿಯಾಗಿವೆ. ನಿಮ್ಮ 1.02ರ ಕಲ್ಲು ಅದಲ್ಲ, ಆದರೆ ಎಕ್ಸ್‌ಆರ್‌ಎಫ್ ಪಟ್ಟಿಯಲ್ಲಿ ಟೈಟಾನಿಯಂ ಕಡಿಮೆ ಇರುವವು ಅಡಗಿವೆಯೇ ಹುಡುಕಿ. ಸಿಲಿಕಾ ಸೇರಿಕೊಂಡು ಬದಲಾದ ಕಲ್ಲನ್ನು ಬೋನಿನೈಟ್ ಅಂದುಬಿಡುವ ಅಪಾಯ ಇರುವುದರಿಂದ ಕ್ರೋಮಿಯಂ, ನಿಕ್ಕಲ್ ಜೊತೆಗೇ ನೋಡಿ.

ಬಿಳಿಗ್ರಾನೈಟ್

ಗ್ರಾನೈಟ್ ಬಗ್ಗೆ ಯಾರೂ ಬರೆದಿಲ್ಲವಲ್ಲ. ನೇರವಾಗಿ ಹೇಳುತ್ತೇನೆ: ನಿಮ್ಮ ಗ್ರಾನೈಟ್ ಬಸಾಲ್ಟ್‌ಗೆ ಸಾಕ್ಷಿ ಹೇಳಲಾರದು.

1984ರ ಪಿಯರ್ಸ್–ಹ್ಯಾರಿಸ್–ಟಿಂಡಲ್ ಪ್ಲಾಟ್‌ನಲ್ಲಿ ಇಟ್ರಿಯಂ+ನಿಯೋಬಿಯಂ ಸುಮಾರು 50 ಪಿಪಿಎಂನ ಎಡಕ್ಕೆ ಆರ್ಕ್, ಬಲಕ್ಕೆ ಫಲಕದೊಳಗಿನದು. ಗ್ರಾನೈಟ್ ಹುಟ್ಟುವುದು ಬಹುತೇಕ ಹಳೆಯ ಚಿಪ್ಪು ಕರಗಿ. ಟೋನಲೈಟ್ ನೈಸ್‌ನಲ್ಲಿ ಇಟ್ರಿಯಂ ಕಡಿಮೆ, ಅದನ್ನು ಕರಗಿಸಿದ ಗ್ರಾನೈಟ್‌ನಲ್ಲೂ ಕಡಿಮೆ, ಕರಗಿಸಿದ್ದು ಯಾವ ಪರಿಸರವೇ ಆಗಿರಲಿ. ಆರ್ಕ್ ವಲಯಕ್ಕೆ ಬೀಳುವುದು ಅಜ್ಜನ ಮೂಗು ಮೊಮ್ಮಗನಿಗೆ ಬಂದ ಹಾಗೆ. ಘರ್ಷಣೆ ಮುಗಿದ ಮೇಲೆ ಬಂದ ಗ್ರಾನೈಟ್‌ಗಳು ಮೂರು ವಲಯ ಸೇರುವ ಮೂಲೆಯ ಸುತ್ತ ಹರಡುತ್ತವೆ ಅಂತ ಪಿಯರ್ಸ್ ಆಮೇಲೆ, 1996ರಲ್ಲಿ, ಸೇರಿಸಿದರು.

ಅದಕ್ಕಿಂತ ತುರ್ತಿನ ವಿಷಯ: ಗ್ರಾನೈಟನ್ನೂ ತೆರೆದ ಬೀಕರ್‌ನಲ್ಲೇ ಕರಗಿಸಿದಿರಾ? ಜಿರ್ಕಾನ್ ಅದರಲ್ಲಿ ಕರಗುವುದಿಲ್ಲ. ಜಿರ್ಕೋನಿಯಂ, ಹಾಫ್ನಿಯಂ ಜೊತೆಗೆ ಇಟ್ರಿಯಂ ಮತ್ತು ಭಾರ ವಿರಳಧಾತುಗಳೂ ಒಂದಿಷ್ಟು ಬೀಕರ್‌ನ ತಳದಲ್ಲೇ ಉಳಿಯುತ್ತವೆ. ಇಟ್ರಿಯಂ ಕಡಿಮೆ ಬಂದರೆ ಬಿಂದು ಎಡಕ್ಕೆ, ಅಂದರೆ ಆರ್ಕ್ ಕಡೆಗೇ ಜಾರುತ್ತದೆ. ಎಕ್ಸ್‌ಆರ್‌ಎಫ್‌ನ ಜಿರ್ಕೋನಿಯಂ 180 ಇದ್ದು ಐಸಿಪಿ-ಎಂಎಸ್‌ನದು 90 ಇದ್ದರೆ ಕಾರಣ ಇದೇ. ಲಿಥಿಯಂ ಬೋರೇಟ್ ಜೊತೆ ಕರಗಿಸಿ ಮಣಿ ಮಾಡಿ ಆಸಿಡ್‌ಗೆ ಹಾಕಿ, ಇಲ್ಲವೇ ಮುಚ್ಚಿದ ಒತ್ತಡದ ಪಾತ್ರೆ ಬಳಸಿ. ಬೋರೇಟ್ ದಾರಿಯಲ್ಲಿ ಉಪ್ಪಿನಂಶ ಹೆಚ್ಚಾಗಿ ಪತ್ತೆ ಮಿತಿ ಏರುತ್ತದೆ. ಗ್ರಾನೈಟ್‌ಗೆ ಪರವಾಗಿಲ್ಲ, ಅರ್ಧ ಪಿಪಿಎಂ ಥೋರಿಯಂನ ಬಸಾಲ್ಟ್‌ಗೆ ಅದನ್ನು ಬಳಸಬೇಡಿ.

ಬೆರಳುದ್ದದ ಫೆಲ್ಡ್‌ಸ್ಪಾರ್ ಇರುವ ಗ್ರಾನೈಟ್ ಆದರೆ ಒಂದು ಕಿಲೋ ಸ್ಯಾಂಪಲ್ ಸಾಲದು, ಐದರಿಂದ ಹತ್ತು ಕಿಲೋ ಬೇಕು. ನಾಲ್ಕು ಹರಳು ಹೆಚ್ಚು ಸಿಕ್ಕರೂ ರುಬಿಡಿಯಂ ಬದಲಾಗುತ್ತದೆ.

ದುರ್ಗದಕಲ್ಲು

ಹೌದು, ಗ್ರಾನೈಟ್ ಕೂಡ ತೆರೆದ ಬೀಕರ್‌ನದ್ದೇ. ಜಿರ್ಕೋನಿಯಂ ಈಗ ಹೋಲಿಸಿ ನೋಡಿದೆ, ಐಸಿಪಿ-ಎಂಎಸ್‌ನಲ್ಲಿ ಮೂರನೇ ಒಂದು ಭಾಗ ಕಡಿಮೆ ಇದೆ. ಅದನ್ನು ಪ್ಲಾಟ್‌ನಿಂದ ತೆಗೆಯುತ್ತೇನೆ. ಬಸಾಲ್ಟ್‌ನಲ್ಲಿ ಮತ್ತೆ ಯಾವುದನ್ನು ಅಳೆಸಲಿ? ದಿಂಬಿನ ಅಂಚೋ, ನಡುವೋ?

ಅರೆಯುವಕಲ್ಲು

ನಡು. ಅಂಚಿನ ಗಾಜು ಮೊದಲು ಕೊಳೆಯುತ್ತದೆ, ಕ್ಲೋರೈಟ್ ಆಗುತ್ತದೆ, ದಿಂಬುಗಳ ಸಂದಿನಲ್ಲಿ ಚರ್ಟ್ ಮತ್ತು ಕಾರ್ಬೊನೇಟ್ ತುಂಬಿರುತ್ತದೆ. ನಡುವಿನಿಂದ ಅಮಿಗ್ಡೇಲ್ ಇಲ್ಲದ ಒಂದರಿಂದ ಎರಡು ಕಿಲೋ. ಶಿಥಿಲವಾದ ಹೊರಪದರ ಕತ್ತರಿಸಿ, ಗರಗಸದ ಗುರುತನ್ನು ಸವೆಸಿ, ಬೆರಳುಗುರಿನಷ್ಟು ಚೂರು ಮಾಡಿ ಎಳೆ ಇರುವ ಚೂರುಗಳನ್ನು ಕೈಯಿಂದಲೇ ಆರಿಸಿ ಎಸೆಯಿರಿ. ಒಂದೇ ಒಂದು ದಿಂಬಿನಿಂದ ಮಾತ್ರ ಅಂಚನ್ನೂ ನಡುವನ್ನೂ ಎರಡನ್ನೂ ಅಳೆಸಿ. ಅವೆರಡರಲ್ಲಿ ಥೋರಿಯಂ/ನಿಯೋಬಿಯಂ ಒಂದೇ ಬಂದರೆ ಥೋರಿಯಂ ಅಲುಗಿಲ್ಲ ಅನ್ನಲು ಅದಕ್ಕಿಂತ ಒಳ್ಳೆಯ ಪುರಾವೆ ಇಲ್ಲ.

ಎಲ್‌ಓಐ 4ರ ಕೆಳಗಿನವು ಮೊದಲು. ಅದರಲ್ಲಿ ಮೆಗ್ನೀಶಿಯಂ ಆಕ್ಸೈಡ್ ಅತಿ ಹೆಚ್ಚು, ಅತಿ ಕಡಿಮೆ, ನಡುವಿನದು ಮೂರೂ ಬರುವಂತೆ ಆರಿಸಿ. 50 ಮಿಲಿಗ್ರಾಂ ಪುಡಿಯನ್ನು 100 ಮಿಲಿಲೀಟರ್‌ಗೆ ತಂದರೆ 2000 ಪಟ್ಟು ತೆಳು. 0.55 ಪಿಪಿಎಂ ಥೋರಿಯಂ ಆಗ 0.275 ಪಿಪಿಬಿ, ಆರಾಮವಾಗಿ ಅಳೆಯಬಹುದು. ಹೈಡ್ರೋಫ್ಲೋರಿಕ್ ಮುಟ್ಟುವ ಮೊದಲು ಕ್ಯಾಲ್ಶಿಯಂ ಗ್ಲುಕೋನೇಟ್ ಜೆಲ್ ಮೇಜಿನ ಮೇಲಿರಲಿ, ಬೀರುವಿನಲ್ಲಲ್ಲ. ಪ್ರತಿ ಬ್ಯಾಚ್‌ಗೆ ಎರಡು ಬ್ಲ್ಯಾಂಕ್, ಒಂದು ಬಿಎಚ್‌ವಿಓ-2, ಒಂದು ಬಿಐಆರ್-1, ನಿಮ್ಮದೇ ಒಂದು ಸ್ಯಾಂಪಲ್ ಎರಡು ಬಾರಿ. ಪಕ್ಕದ ನೈಸ್‌ನ ಪುಡಿಯನ್ನು ಈ ಬ್ಯಾಚ್‌ನಲ್ಲಿ ಸೇರಿಸಬೇಡಿ, ಅದು ಬೋರೇಟ್ ದಾರಿಯಲ್ಲಿ ಬೇರೆಯಾಗಿ ಹೋಗಲಿ.